ಟರ್ಮಿನಸ್ಸಿಗೆ ಇಟ್ಟ ಎಡೆ

ಮಗಳಿಗೆ ಹೆಣ್ಣು ಕೂಸು ಹುಟ್ಟಿ ಬಾರಾನಗರದ ಮನೆಗೆ ಬಂದಿತ್ತು. ನಾನು ಅಲ್ಲಿಂದ ಒಂದು ಬಸ್ಸಿನ ದೂರದ ಡಮ್ ಡಮ್‌ನಲ್ಲಿ, ಮಗನ ಮನೆಯಲ್ಲಿ, ಬಾಣಂತಿಗೆ ಅಂಟಿನುಂಡಿ ಕಟ್ಟುತ್ತ ಕೂತಿದ್ದೆ. ಮೊಮ್ಮಗಳ ಮುಖ ಇನ್ನೂ ನೋಡಿರಲಿಲ್ಲ!

“ರವಿವಾರ ನಾನ ಕರಕೊಂಡು ಹೋಗ್ತೀನಿ. ನಿನಗ ಬೋರ್ಡ್ ಓದಾಕ ಬರೂದಿಲ್ಲ, ಎಲ್ಲೆರ ಕಳದ್‌ಹೋಗ್ತೀ ಅವ್ವಾ,” ಎಂದ ಮಗ.

“ಕಳದ್‌ಹೋಗಾಕ ನಾ ಏನ್ ಛತ್ರಿ ಏನು?” ಎಂದೆ.

ಅವನು ಆಫೀಸಿಗೆ ಹೋದದ್ದೇ ತಡ, ಉಂಡಿ ಡಬ್ಬಿ ಎತ್ತಿಕೊಂಡು ಹೊರಟೆ. ಓದು ಬಾರದವರು ಬಸ್ಸಿನಲ್ಲಿ ಓಡಾಡಲು ಒಂದು ರೀತಿ ಇದೆ. ಟರ್ಮಿನಸ್‌ನಲ್ಲಿ ಹತ್ತು, ಟರ್ಮಿನಸ್‌ನಲ್ಲಿ ಇಳಿ. ಮಗಳ ಮನೆ ಆ ತುದಿಯ ಟರ್ಮಿನಸ್ಸಿನ ಎದುರಿಗೇ ಇದೆ.

ಅವತ್ತು ಬಸ್ಸು ನಡುದಾರಿಯಲ್ಲೇ ನಿಂತುಬಿಟ್ಟಿತು. ಊಟದ ಹೊತ್ತಂತೆ, ಇಲ್ಲಿಂದಲೇ ತಿರುಗಿಸುತ್ತಾರಂತೆ. ಜನ ಗೊಣಗುತ್ತ ಇಳಿದರು.

“ಮಾಶಿಮಾ, ಇಳೀರಿ,” ಎಂದ ಕಂಡಕ್ಟರ್. ಈ ಬಂಗಾಳದಲ್ಲಿ ವಯಸ್ಸಾದ ಹೆಂಗಸರೆಲ್ಲ ಮಾಶಿಮಾ, ಅಂದರೆ ಚಿಕ್ಕಮ್ಮ.

“ಟರ್ಮಿನಸ್ ಬಂದಿಲ್ಲ.”

“ಬಸ್ಸು ನಿಂತದ್ದೇ ಟರ್ಮಿನಸ್!”

ಸಂಶೋಧನೆ ಮಾಡುವ ಅಳಿಯಂದಿರು ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಟರ್ಮಿನಸ್ ಎಂಬುದು ಲ್ಯಾಟಿನ್ ಎಂಬ ಹಳೇ ಭಾಷೆಯ ಮಾತಂತೆ. ಕೊನೆ, ಎಲ್ಲೆ ಎಂದರ್ಥವಂತೆ. ಹೊಲದ ಗಡಿಕಲ್ಲಿಗೂ ಅದೇ ಹೆಸರಿಟ್ಟು ರೋಮಿನ ಜನ ಅದನ್ನು ದೇವರೆಂದು ಪೂಜಿಸುತ್ತಿದ್ದರಂತೆ. “ಇದರಾಗೇನ್ ಹೊಸಾದು? ಹೊಲದಾಗ ಭೂತಾಯಿಗೆ ಚರಗ ಚೆಲ್ಲೂ ದಿನ ನಾವೂ ಗಡಿಕಲ್ಲಿಗೆ ಎಡಿ ಇಡ್ತೀವಲ್ಲ,” ಎಂದಿದ್ದೆ ನಾನು.

ಮುಂದಿನ ಸೀಟಿನ ಕಂಬಿ ಗಟ್ಟಿ ಹಿಡಿದುಕೊಂಡೆ. ನನ್ನ ಅರೆಬರೆ ಬಂಗಾಳಿಯಲ್ಲಿ ಹೇಳಿದೆ: “ಟರ್ಮಿನಸ್ ಅಂದರೆ ಗಡಿಕಲ್ಲು ಕಣಪ್ಪಾ, ಹುಗಿದಲ್ಲೇ ಇರುತ್ತದೆ. ನಿನಗೆ ಹಸಿವಾಯಿತೆಂದು ಎದ್ದು ಬರುವುದಿಲ್ಲ. ನನ್ನ ಮೊಮ್ಮಗಳು ಅಲ್ಲಿದ್ದಾಳೆ, ಇನ್ನೂ ನೋಡಿಲ್ಲ. ಇಳಿಸುವುದಾದರೆ ಸೀಟಿನ ಸಮೇತ ಇಳಿಸು!”

ಡ್ರೈವರ್ ತಿರುಗಿ ನೋಡಿ ನಕ್ಕ. “ಮೊಮ್ಮಗಳಾ? ಮೊದಲೇ ಹೇಳಬಾರದೇ ಮಾಶಿಮಾ!” ಗೇರು ಹಾಕಿದ. ಖಾಲಿ ಬಸ್ಸಿನಲ್ಲಿ ನಾನೊಬ್ಬಳೇ, ಮೆರವಣಿಗೆ ಹೊರಟ ಮದುಮಗಳ ಹಾಗೆ.

ಟರ್ಮಿನಸ್‌ನಲ್ಲಿ ಇಬ್ಬರಿಗೂ ಒಂದೊಂದು ಉಂಡಿ ಕೊಟ್ಟೆ. ಒಂದು ಚೂರು ಮುರಿದು ಬಸ್‌ಸ್ಟಾಪಿನ ಕಂಬದ ಬುಡಕ್ಕೂ ಇಟ್ಟೆ. ಕಂಡಕ್ಟರ್ ಬಾಯಿ ತುಂಬ ಉಂಡಿ ಇಟ್ಟುಕೊಂಡೇ, ಯಾವ ದೇವರೆಂದು ಕೇಳದೆ, ಅಭ್ಯಾಸಬಲದಿಂದ ಹಣೆಗೆ ಕೈ ಮುಟ್ಟಿಸಿದ.

ಮೊಮ್ಮಗಳು ನನ್ನ ಮಡಿಲಲ್ಲಿ ಆಕಳಿಸುವಾಗ ಮಗನ ಫೋನು ಬಂತು. “ಅವ್ವಾ, ಎಲ್ಲಿದ್ದೀ?”

ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದೆ. ಕಿರೋ ಎಂದು ಕಿರುಚಿತು ನನ್ನ ಬಂಗಾರ.

“ಕೇಳಿಸ್ತೇನು? ರವಿವಾರ ನೀ ಬಾ. ದಾರಿ ತಿಳೀಲಿಲ್ಲಂದ್ರ ನನ್ನ ಕೇಳು.”