ಹಂಡೆ ಕಳ್ಳನ ಹಾಡು

ಎಂಬತ್ತರ ದಶಕದ ಮೊದಲಲ್ಲಿ ನಾವು ನಾಲ್ವರು ಗೆಳೆಯರು ಜಯನಗರದಲ್ಲಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ನನ್ನ ಗಿಟಾರಿನಲ್ಲಿ ಉಳಿದಿದ್ದದ್ದು ಐದೇ ತಂತಿ, ಡ್ರಮ್ಮಿನವನಿಗೆ ಬರುತ್ತಿದ್ದದ್ದು ಒಂದೇ ತಾಳ. ಗರ್ವಕ್ಕೆ ಮಾತ್ರ ಕೊರತೆಯಿರಲಿಲ್ಲ. ಬಡಾವಣೆಯ ಗಣೇಶೋತ್ಸವದಲ್ಲಿ ಒಂದು ಸಂಜೆ ನುಡಿಸಲು ಅವಕಾಶ ಸಿಕ್ಕಿತು. ಸಮಿತಿಯ ಅಧ್ಯಕ್ಷರು ಹಾಕಿದ ಷರತ್ತು ಒಂದೇ: ಕನ್ನಡದ ಒಂದು ಹಾಡಾದರೂ ಇರಬೇಕು, ಅದು ಸಿನಿಮಾದ್ದಾಗಿರಬಾರದು.

ನಾವೇ ಬರೆಯೋಣವೆಂದು ನಾಲ್ಕು ದಿನ ತಿಣುಕಿದೆವು. ‘ಓ ಬೆಂಗಳೂರೇ’ ಎಂಬಲ್ಲಿಗೆ ಸರಸ್ವತಿ ಕೈಬಿಟ್ಟಳು. ಆಗ ಡ್ರಮ್ಮಿನವನು ಜೈಲಿನಲ್ಲಿ ವಾರ್ಡರ್ ಆಗಿದ್ದ ತನ್ನ ಸೋದರಮಾವನಿಂದ ಒಂದು ಹಾಳೆ ತಂದ. ಅದರಲ್ಲಿದ್ದದ್ದು ಹಂಡೆ ಕಳ್ಳ ಸೆರೆಯಲ್ಲಿ ಕೂತು ಕಟ್ಟಿದ ಹಾಡು.

ಹಂಡೆ ಕಳ್ಳನ ಹೆಸರೆತ್ತಿದರೆ ಜಯನಗರದಿಂದ ಶ್ರೀನಗರದವರೆಗೆ ಮಕ್ಕಳು ಅಳು ನಿಲ್ಲಿಸುತ್ತಿದ್ದ ಕಾಲ ಅದು. ಹಿತ್ತಲಿನ ಬಚ್ಚಲುಮನೆಗೆ ನುಗ್ಗಿ, ನೀರು ಕಾಯಿಸುವ ತಾಮ್ರದ ಹಂಡೆಯನ್ನು ಹೊತ್ತೊಯ್ಯುವುದು ಅವನ ಕಸುಬು. ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಪತ್ರಿಕೆಯಲ್ಲಿ ಬಂದ ಅವನ ಫೋಟೋವನ್ನು ಅಮ್ಮ ಒಲೆಗೆ ಹಾಕಿದ್ದಳು. ಅವಳ ತವರಿನ ಹಂಡೆಯೂ ಹೋಗಿತ್ತಲ್ಲ. ಬೆಳಗ್ಗೆ ಉರಿ ಹಾಕಿ, ಹಾಲಿನ ಕ್ಯೂನಲ್ಲಿ ನಿಂತು ಬರುವಷ್ಟರಲ್ಲಿ ಒಲೆಯ ಮೇಲೆ ಬರೀ ಹೊಗೆ. ಮಲಗಿದ್ದ ನಮ್ಮೈವರಲ್ಲಿ ಒಬ್ಬರಿಗೂ ಎಚ್ಚರವಾಗಿರಲಿಲ್ಲ. ಆಮೇಲೆ ಅಲ್ಯೂಮಿನಿಯಂ ಡಬರಿ ಬಂತು. ಅದರಲ್ಲಿ ನೀರು ಆರು ಜನಕ್ಕೆ ಸಾಲುವುದಿಲ್ಲವೆಂದು ನಾವೆಲ್ಲ ಅಮ್ಮನ ಮೇಲೇ ರೇಗುತ್ತಿದ್ದೆವು.

ಹಾಡು ಚೆನ್ನಾಗಿತ್ತು. ತಾಪತ್ರಯ ಶುರುವಾದದ್ದೇ ಅದರಿಂದ.

ಅರ್ಧ ಕಟ್ಟಿದ ಚಪ್ಪರದಲ್ಲಿ ಸಮಿತಿ ಸೇರಿತು. “ಕಳ್ಳನ ಹಾಡಿಗೆ ಚಪ್ಪಾಳೆ ತಟ್ಟಿದ್ರೆ ನಾಳೆ ಜೈಲಿಂದ ಬಂದು ಕೊಡಾನೂ ಎತ್ಕೊಂಡು ಹೋಗ್ತಾನೆ,” ಎಂದರು ಕಾರ್ಯದರ್ಶಿ.

“ಸಾರ್, ಹಂಡೆ ಕದ್ದಿದ್ದು ನಿಜ. ಹಾಡು ಅವನದ್ದೇ ಅಲ್ವಾ?” ಎಂದೆ.

“ದೇವರ ಮುಂದೆ ಅಂಥಾದ್ದೆಲ್ಲ ಬೇಡಪ್ಪ.”

ಹೀಗೆಂದಾಗ ಅವರ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬಿಗೆ ಕರೆಂಟು ಬಂದಿದ್ದು ಬೀದಿ ಕಂಬದ ತಂತಿಗೆ ಕೊಕ್ಕೆ ಹಾಕಿ. ಚಪ್ಪರದ ಗಳುಗಳು ಪಕ್ಕದ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದವರನ್ನು ಕೇಳದೆಯೇ ಬಂದಿದ್ದವು. ಆ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಆಂಪ್ಲಿಫಯರಿಗೂ ಅದೇ ಕರೆಂಟು ಬೇಕಿದ್ದರಿಂದ ನಾನೂ ಎತ್ತಲಿಲ್ಲ.

ಅಧ್ಯಕ್ಷರು ನಿವೃತ್ತ ಗುಮಾಸ್ತರು. “ಹಂಡೆ ಕಳ್ಕೊಂಡೋರೆಲ್ಲ ಅಭ್ಯಂತರ ಇಲ್ಲ ಅಂತ ಬರೆದುಕೊಡ್ಲಿ. ಒಂದು ಮನೆ ಬಿಟ್ಟುಹೋದ್ರೂ ಹಾಡಿಲ್ಲ. ಬರೆದುಕೊಟ್ಟೋರಿಗೆ ಮುಂದಿನ ಸಾಲಲ್ಲಿ ಕುರ್ಚಿ,” ಎಂದು ತೀರ್ಪು ಕೊಟ್ಟರು.

ಕುರ್ಚಿಯ ಮಾತು ಕೇಳಿದ್ದೇ ತಡ, ಪತ್ರಗಳು ಬಂದು ಬಿದ್ದವು. ನಮ್ಮ ಸುತ್ತಮುತ್ತ ಹೋಗಿದ್ದದ್ದು ಒಂಬತ್ತು ಹಂಡೆ. ಬಂದ ಪತ್ರ ಹದಿಮೂರು. ಎಣ್ಣೆ ಡಬ್ಬದಲ್ಲಿ ನೀರು ಕಾಯಿಸುತ್ತಿದ್ದ ವಠಾರದವರೊಬ್ಬರು, “ನಮ್ದೂ ಹೋಗಿದೆ ಸಾರ್, ಮರ್ಯಾದೆಗೆ ಅಂಜಿ ಹೇಳಿರ್ಲಿಲ್ಲ,” ಎಂದರು. ನಿಜವಾಗಿ ಕಳೆದುಕೊಂಡು ಬರೆದುಕೊಡದವರು ಒಬ್ಬರೇ. ನಮ್ಮಮ್ಮ.

“ನಮ್ಮಮ್ಮ ಕೊಟ್ಟ ಹಂಡೆ ಅದು. ಅವನ ಹಾಡಿಗೆ ನಾನು ರುಜು ಹಾಕ್ಬೇಕಾ?” ಎಂದಳು. ನಾನು ಗೋಗರೆದೆ, ಮುನಿಸಿಕೊಂಡೆ, ಒಂದು ಹೊತ್ತು ಊಟ ಬಿಟ್ಟೆ. ಅವಳು ಜಗ್ಗಲಿಲ್ಲ. ನನ್ನ ಬದುಕೇ ಮುಗಿಯಿತೆಂದು ನಂಬಿಬಿಟ್ಟಿದ್ದೆ. ಮೂರನೆಯ ದಿನ ಮೊರದಲ್ಲಿ ಅಕ್ಕಿ ಆರಿಸುತ್ತಾ, “ಏನಂತೆ ಅವನ ಹಾಡು, ಹೇಳು ನೋಡೋಣ,” ಎಂದಳು.

ಗಿಟಾರಿಲ್ಲದೆ ಹಾಡಿದೆ. ಒಂದೊಂದು ಮನೆಗೂ ಒಂದೊಂದು ನುಡಿ. ನಾಲ್ಕನೆಯದರಲ್ಲಿ ಕತ್ತಿನ ಹತ್ತಿರ ತಗ್ಗಿದ್ದ ಒಂದು ಹಂಡೆ. ನೀರು ಹದವಾಗಿ ಕಾದಿತ್ತಂತೆ. ಚೆಲ್ಲಲು ಮನಸ್ಸು ಬಾರದೆ ಅಲ್ಲೇ ಮಿಂದನಂತೆ, ಆಮೇಲೆ ಹೊತ್ತನಂತೆ. ಹುಟ್ಟಿದಂದಿನಿಂದ ಅಂಥ ನೀರು ಮೈಮೇಲೆ ಬಿದ್ದಿರಲಿಲ್ಲವಂತೆ. ಕಾಯಿಸಿದವಳ ಹೊಟ್ಟೆ ತಣ್ಣಗಿರಲಿ ಎಂದು ನುಡಿ ಮುಗಿಯುತ್ತಿತ್ತು.

ಅಮ್ಮನ ಕೈ ಮೊರದಲ್ಲೇ ನಿಂತಿತು. “ನಮ್ಮ ಹಂಡೆಗೂ ಕತ್ತಿನ ಹತ್ರ ತಗ್ಗಿತ್ತು. ಅದು ಹೋದ ದಿನ ಸೋಪು ಒದ್ದೆಯಿತ್ತು. ನೀವ್ಯಾರೋ ಮುಖ ತೊಳ್ದಿರ್ಬೇಕು ಅಂದ್ಕೊಂಡಿದ್ದೆ,” ಎಂದಳು. ಮೊರ ಪಕ್ಕಕ್ಕಿಟ್ಟು, “ಇನ್ನೊಂದ್ಸಲ ಹೇಳು.”

ಮತ್ತೆ ಹಾಡಿದೆ. ಸೆರಗಿಗೆ ಕೈಯೊರೆಸಿಕೊಂಡು ಪತ್ರ ತಗೊಂಡಳು. “ಇಪ್ಪತ್ತೆರಡು ವರ್ಷ ಆಯ್ತು, ಈ ಮನೇಲಿ ನೀರು ಕಾಯಿಸೋಕೆ ಶುರು ಮಾಡಿ. ನೀವು ಒಬ್ರಾದ್ರೂ ಹಿಂಗೆ ಅಂದಿದೀರಾ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ರುಜು ಬಿತ್ತಲ್ಲ ಎಂಬ ಖುಷಿಯೂ ಆಯಿತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಹಬ್ಬದ ಸಂಜೆ ನಾಲ್ಕನೆಯ ನುಡಿ ಬರುತ್ತಿದ್ದಂತೆ ಮುಂದಿನ ಸಾಲಿನಲ್ಲಿ ಗದ್ದಲವೆದ್ದಿತು. ಅದು ತಮ್ಮ ಮನೆಯ ಹಂಡೆಯೇ ಎಂದು ಹತ್ತು ಮನೆಯವರು ವಾದಕ್ಕೆ ಬಿದ್ದಿದ್ದರು. ಎಣ್ಣೆ ಡಬ್ಬದವರು ಕುರ್ಚಿ ಬಿಟ್ಟು ಎದ್ದೇ ನಿಂತಿದ್ದರು. ಅಮ್ಮ ತುಟಿ ಬಿಚ್ಚದೆ, ಕೈ ಕಟ್ಟಿಕೊಂಡು, ಕೊನೆಯವರೆಗೂ ಕೇಳಿದಳು.

ಮರುದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದೆ. ಅಮ್ಮ ಒಲೆ ಊದುತ್ತಿದ್ದಳು. ರಾತ್ರಿಯೆಲ್ಲ ಯೋಚಿಸಿಟ್ಟಿದ್ದ ಮಾತನ್ನು ಹೇಗೋ ಹೇಳಿದೆ: “ಅಮ್ಮ, ನೀರು ಹದವಾಗಿತ್ತು.”

ಅವಳು ತಿರುಗಲಿಲ್ಲ. “ಅದನ್ನ ಅವನು ಆಗ್ಲೇ ಹೇಳಿದಾನೆ,” ಎಂದಳು. “ಹೋಗು, ನಾಲ್ಕು ಸೌದೆ ತಗೊಂಡು ಬಾ.”