ವಿಮಲಾ ವೈನಿ ನೋಡಿದ ಆಟಗಳು

ಟೀವಿಯಲ್ಲಿ ಬಾಸ್ಕೆಟ್‌ಬಾಲ್ ನಡೆಯುತ್ತಿದ್ದರೆ ವಿಮಲಾ ವೈನಿ ಟೀವಿ ನೋಡುತ್ತಿರಲಿಲ್ಲ, ಮಗನ ಮುಖ ನೋಡುತ್ತಿದ್ದರು. ನಿಖಿಲನ ಹುಬ್ಬು ಮೇಲೇರಿದರೆ ಇವರು ಚಪ್ಪಾಳೆ ತಟ್ಟುವರು. ಅವನು ಸೋಫಾಕ್ಕೆ ಕುಸಿದು ಒರಗಿದರೆ, "ಅಯ್ಯ, ಹೋತಲ್ಲ" ಎಂದು ಅವನಿಗಿಂತ ಮೊದಲೇ ನೊಂದುಕೊಳ್ಳುವರು. ಆಟದ ತಲೆಬುಡ ಅವರಿಗೆ ಗೊತ್ತಿರಲಿಲ್ಲ. ಒಮ್ಮೆ ಅವನು ಯಾವುದೋ ಜಾಹೀರಾತು ನೋಡಿ ನಕ್ಕಾಗಲೂ ಚಪ್ಪಾಳೆ ತಟ್ಟಿಬಿಟ್ಟರು.

2001ರಲ್ಲಿ ನಾನು ಎಂ.ಎಸ್. ಓದಲು ಲಾಸ್ ಏಂಜಲೀಸಿಗೆ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಹತ್ತಿರದ ಊರಾದ ವಾಲ್‌ನಟ್‌ನಲ್ಲಿದ್ದ ಅವರ ಮನೆಯ ಮಹಡಿ ಕೋಣೆ. ಅವರು ಧಾರವಾಡದವರು, ನಾನು ತುಮಕೂರಿನವಳು. ಮೊದಲ ದಿನ ಆಂಟಿ ಎಂದು ಕರೆದದ್ದಕ್ಕೆ ಮುಖ ಸಿಂಡರಿಸಿ, ತಮ್ಮ ಕಡೆ ವೈನಿ ಅನ್ನುತ್ತಾರೆ, ಹಾಗೇ ಕರೆ ಎಂದರು. ಅತ್ತಿಗೆ ಅಂದ ಹಾಗೆ. ಅಣ್ಣನಿಲ್ಲದ ನನಗೆ ಅಮೆರಿಕದಲ್ಲಿ ಹೀಗೊಬ್ಬ ಅತ್ತಿಗೆ ಸಿಕ್ಕಿದರು.

ಅವರ ಗಂಡ ಅದಕ್ಕೆ ಹಿಂದಿನ ವರ್ಷ ಹೃದಯಾಘಾತದಿಂದ ತೀರಿಕೊಂಡಿದ್ದರು. ನಿಖಿಲನಿಗೆ ಆಗ ಒಂಬತ್ತು ವರ್ಷ. ಅಂದಿನಿಂದ ಹುಡುಗನ ಬಾಯಲ್ಲಿ "ಫೈನ್", "ಓಕೆ" ಬಿಟ್ಟರೆ ಬೇರೆ ಮಾತಿಲ್ಲ. ಅಪ್ಪನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ. ಆಟ ನೋಡುವಾಗ ಮಾತ್ರ ಮುಖ ಅರಳುತ್ತಿತ್ತು, ಆಗೊಂದು ಈಗೊಂದು ಮಾತೂ ಹೊರಡುತ್ತಿತ್ತು.

"ಅಂವಂಗ ನನ್ನ ಏನೋ ಕೇಳೂದದ ತಂಗಿ, ಕೇಳವಲ್ಲ" ಎಂದು ವೈನಿ ಒಂದು ಸಂಜೆ ಸೊಪ್ಪು ಸೋಸುತ್ತ ಹೇಳಿದರು. "ಕೇಳೂತನಕ ನಾ ಬಾಜೂಕ ಕೂಡಬೇಕು. ಮತ್ತೇನು ಮಾಡಲಿ?"

ಹಾಗೆ ಕೂತರು. ಆ ಒಂದೆರಡು ವರ್ಷ ಇಡೀ ಲಾಸ್ ಏಂಜಲೀಸಿಗೆ ಬಾಸ್ಕೆಟ್‌ಬಾಲ್ ಹುಚ್ಚು. ಕಾರಿನ ಕಿಟಕಿಗಳಿಗೆಲ್ಲ ತಂಡದ ಬಾವುಟ. ವೈನಿಯೂ ತಮ್ಮ ಹಳೇ ಕಾರಿಗೆ ಒಂದು ಸಿಕ್ಕಿಸಿದರು. ಒಮ್ಮೆ ಫ್ರೀವೇನಲ್ಲಿ ಡ್ರೈವ್ ಮಾಡುತ್ತಿದ್ದಾಗ ಅದು ಕಿತ್ತು ಹಾರಿಹೋಯಿತು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ಅಂಗಡಿ ಹುಡುಕಿ, ಹೊಸ ಬಾವುಟ ಹಚ್ಚಿಸಿಕೊಂಡ ಮೇಲೆಯೇ ಮನೆ ಕಡೆ ತಿರುಗಿದರು. ಮನೆಯಲ್ಲಿ ಪರೀಕ್ಷೆಗೆ ಓದಬೇಕಿದ್ದ ನಾನು ಪಕ್ಕದ ಸೀಟಿನಲ್ಲಿ ಹಲ್ಲು ಕಡಿಯುತ್ತಿದ್ದೆ.

ಆಮೇಲೆ ಆ ತಂಡ ಒಡೆಯಿತು. ಗಾಳಿ ಬೇರೆ ಕಡೆ ತಿರುಗಿತು, ಬಾವುಟಗಳು ಇಳಿದವು. ಬಾಸ್ಕೆಟ್‌ಬಾಲ್ ಬೋರ್ ಎಂದ ನಿಖಿಲ್ ಭಾನುವಾರದ ಅಮೆರಿಕನ್ ಫುಟ್‌ಬಾಲ್ ಹಿಡಿದ. ಲಾಸ್ ಏಂಜಲೀಸಿಗೆ ಆಗ ತನ್ನದೇ ತಂಡವಿಲ್ಲದ್ದರಿಂದ ಸ್ಯಾನ್ ಡಿಯೇಗೋದವರು ಅವನ ತಂಡವಾದರು. ಪಾಪ, ವೈನಿ ಭಾನುವಾರದ ಭಜನೆ ಬಿಟ್ಟರು. ಹೈಸ್ಕೂಲಿಗೆ ಬಂದ ಮೇಲೆ ಅವನಿಗೂ ಗೆಳೆಯರಿಗೂ ಪಂಜರದೊಳಗೆ ಇಬ್ಬರು ಬಡಿದಾಡುವ ಆಟ ಹಿಡಿಸಿತು. ರಕ್ತ ಕಂಡರೆ ತಲೆ ಸುತ್ತುವ ವೈನಿ ಅದಕ್ಕೂ ಹಾಜರು. ಕಣ್ಣು ಬಿಗಿಯಾಗಿ ಮುಚ್ಚಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು ಮಗನ ಪಕ್ಕ ಕೂತಿರುತ್ತಿದ್ದರು. ಮುಗಿದ ಮೇಲೆ ಹೇಳು, ಕಣ್ಣು ತೆಗೆಯುತ್ತೇನೆ ಎಂಬುದು ಒಪ್ಪಂದ. ಅಡುಗೆಮನೆಯಿಂದ ಅದನ್ನು ನೋಡುತ್ತ ನಾನು ನಕ್ಕಿದ್ದೇನೆ.

ಓದು ಮುಗಿದ ಮೇಲೂ ಕೆಲ ವರ್ಷ ಆ ಕೋಣೆಯಲ್ಲೇ ಇದ್ದ ನಾನು ಆಮೇಲೆ ಸ್ಯಾನ್ ಡಿಯೇಗೋ ಹತ್ತಿರದ ಕಾರ್ಲ್ಸ್‌ಬಾಡ್‌ನ ಕಂಪನಿಯೊಂದಕ್ಕೆ ಸೇರಿದೆ. 2007ರ ಬೇಸಿಗೆಯಲ್ಲಿ ಆಫೀಸಿನಲ್ಲೆಲ್ಲ ಸಾಕರಿನದೇ, ಅಂದರೆ ನಮ್ಮ ಕಡೆಯ ಕಾಲ್ಚೆಂಡಿನದೇ ಮಾತು. ಸ್ಯಾನ್ ಡಿಯೇಗೋ ಬೇಸ್‌ಬಾಲ್ ಪಂದ್ಯದ ಟಿಕೆಟ್‌ಗಳು ಕಾಫಿ ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದವು. ಅದು ತಾತಂದಿರ ಆಟ, ನೋಡುತ್ತ ನಿದ್ದೆ ಬರುತ್ತದೆ ಎಂದು ಹುಡುಗರು ಮುಟ್ಟಲಿಲ್ಲ. ಸಂಕೋಚಪಡುತ್ತಲೇ ವೈನಿಗೆ ಫೋನ್ ಮಾಡಿದೆ. ಹಚ್ಚಿದ ಅವಲಕ್ಕಿಯ ಡಬ್ಬಿ ಹಿಡಿದು ಬಂದರು. ಹದಿನಾರರ ನಿಖಿಲ್ ಮುಖ ಊದಿಸಿಕೊಂಡು ಜೊತೆಗೆ ಬಂದ.

ಕ್ರೀಡಾಂಗಣದಲ್ಲಿ ಕೂತು ಸ್ವಲ್ಪ ಹೊತ್ತಾದ ಮೇಲೆ ವೈನಿ, "ಶುರು ಆತೇನು?" ಎಂದರು. ಶುರುವಾಗಿ ಅರ್ಧ ಗಂಟೆಯಾಗಿತ್ತು. ಚೆಂಡು ಎಸೆಯುವವನು ಟೋಪಿ ಸರಿಮಾಡಿಕೊಳ್ಳುತ್ತಾನೆ, ಉಗುಳುತ್ತಾನೆ, ಆಚೀಚೆ ನೋಡುತ್ತಾನೆ, ಎಸೆಯುವುದೇ ಇಲ್ಲ. ವೈನಿಯ ಮುಖ ಅರಳಿತು. ಮಿಕ್ಕ ಆಟಗಳಲ್ಲಿ ಬಾಯಿ ತೆರೆದರೆ ಸಾಕು, ಮಗ ತಡಿ ಎನ್ನುತ್ತಿದ್ದನಂತೆ. "ಇದರಾಗ ಮಾತಾಡ್ಲಿಕ್ಕೆ ಎಷ್ಟು ಜಾಗಾ ಅದ ನೋಡು" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಆದರೆ ಅವರು ಮಾತಾಡಲಿಲ್ಲ. ಸುಮ್ಮನೆ ಅವಲಕ್ಕಿ ಹಂಚಿದರು. ಆಟ ತೆವಳಿತು. ನಿಖಿಲ್ ಆಕಳಿಸಿದ, ಫೋನ್ ನೋಡಿದ, ಅದನ್ನೂ ಜೇಬಿಗಿಟ್ಟ. ಆಮೇಲೆ ಮೈದಾನದ ಕಡೆಯೇ ಕಣ್ಣಿಟ್ಟು, ಇಂಗ್ಲಿಷಿನಲ್ಲಿ, ಆ ರಾತ್ರಿ ಅಪ್ಪನನ್ನು ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಹೋದಾಗ ತನ್ನನ್ನು ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದ.

ವೈನಿ ಡಬ್ಬಿಯ ಮುಚ್ಚಳ ಹಾಕಿದರು. "ನಾ ಎಬ್ಬಸ್ಲಿಕ್ಕೆ ಹೊಂಟಿದ್ದೆ. ನಿಮ್ಮ ಅಪ್ಪಾರು ಬ್ಯಾಡ ಅಂದ್ರು. ಮುಂಜಾನೆ ಅಂವಂಗ ಸಾಲಿ ಅದ, ಮಲಗಲಿ, ಅಷ್ಟರಾಗ ನಾನ ಬಂದಿರ್ತೀನಿ ಅಂದ್ರು. ನಾನೂ ಬರ್ತಾರಂತನ ತಿಳಕೊಂಡಿದ್ದೆ, ನಿಖಿಲ್."

ಅವನು ಅಂಗೈಯಲ್ಲಿ ಉಳಿದಿದ್ದ ಅವಲಕ್ಕಿಯನ್ನು ತಿಂದು ಮುಗಿಸಿದ. ಆಮೇಲೆ, ಆಂಬ್ಯುಲೆನ್ಸಿನಲ್ಲಿ ಅಪ್ಪ ಇನ್ನೇನು ಹೇಳಿದರು ಎಂದ. ನಾನು ನೀರು ತರುವ ನೆಪ ಮಾಡಿ ಎದ್ದುಹೋದೆ. ತಿರುಗಿ ಬಂದಾಗಲೂ ಅವನು ಕೇಳುತ್ತಲೇ ಇದ್ದ, ಇವರು ಹೇಳುತ್ತಲೇ ಇದ್ದರು. ಸುತ್ತಲಿನವರು ಎದ್ದು ನಿಂತು ಕೂಗಿದ್ದೂ ಅವರಿಗೆ ತಿಳಿಯಲಿಲ್ಲ. ಅಂದು ಯಾರು ಗೆದ್ದರೋ ನನಗೂ ಗೊತ್ತಿಲ್ಲ.

ಮರುವರ್ಷ ನನಗೆ ಬೇರೆ ರಾಜ್ಯದಲ್ಲಿ ಕೆಲಸವಾಯಿತು. ಹೊರಡುವ ಮುನ್ನ ವಾಲ್‌ನಟ್‌ಗೆ ಹೋದರೆ ಮನೆಯೊಳಗಿಂದ ಜಗಳ ಕೇಳಿಸುತ್ತಿತ್ತು. ನಿಖಿಲನಿಗೆ ಬೇಸ್‌ಬಾಲ್ ಹಾಕಬೇಕು, ವೈನಿಗೆ ತಮ್ಮ ಕನ್ನಡ ಧಾರಾವಾಹಿ ಬೇಕು. ತನಗೆ ಯಾವ ಆಟವೂ ಎಂದೂ ಸೇರಿಲ್ಲ, ಇಷ್ಟು ವರ್ಷ ಸುಮ್ಮನೆ ಕೂತಿದ್ದೆ ಎಂದು ಅವರು ದಬಾಯಿಸುತ್ತಿದ್ದರು. ಸುಳ್ಳುಗಾತಿ ಎಂದು ಅವನು ಅರೆಬರೆ ಕನ್ನಡದಲ್ಲಿ ತಿರುಗಿ ಬೀಳುತ್ತಿದ್ದ. ಬಾಗಿಲು ತೆಗೆದ ವೈನಿಯ ಮುಖದಲ್ಲಿ ಬೆಳಕು. "ಎದುರು ಮಾತಾಡ್ತಾನ ನೋಡು" ಎಂದರು.

ಊಟವಾದ ಮೇಲೆ ಕಾರಿನವರೆಗೂ ಬಂದರು. ನನಗೂ ಹೇಳುವುದಿತ್ತು. ಪರದೇಶದಲ್ಲಿ ನನಗೆ ಅನ್ನ ಹಾಕಿದ್ದಕ್ಕೆ, ಒಬ್ಬರ ಪಕ್ಕ ಸುಮ್ಮನೆ ಕೂತು ಕಾಯುವುದೂ ಪ್ರೀತಿಯೇ ಎಂದು ಕಣ್ಣಾರೆ ತೋರಿಸಿದ್ದಕ್ಕೆ. ಕೈ ಹಿಡಿದುಕೊಂಡು ಮಾತು ಶುರು ಮಾಡಿದ್ದೆ. ಅಷ್ಟರಲ್ಲಿ ಒಳಗಿಂದ ನಿಖಿಲ್, "ಅಮ್ಮಾ, ಬಾ ಇಲ್ಲಿ" ಎಂದು ಕರೆದ.

ವೈನಿ ನನ್ನ ಕೈ ಬಿಟ್ಟು ಒಳಗೆ ಓಡಿದರು. ಹೋಗಿ ಬಾ ಎನ್ನುವುದನ್ನೂ ಮರೆತರು. ನಾನು ಅವರನ್ನು ಕೊನೆಯ ಬಾರಿ ಕಂಡದ್ದು ಹಾಗೆ, ಬೆನ್ನು ಮಾಡಿ ಓಡುತ್ತಿದ್ದಾಗ. ಈಗ ಅವರಿಲ್ಲ. ಹೇಳಬೇಕಾದ್ದು ನನ್ನಲ್ಲೇ ಉಳಿಯಿತು. ಆದರೆ ಅಂದು ಅವರು ನಿಂತು ಕೇಳಿಸಿಕೊಳ್ಳಲಿಲ್ಲವಲ್ಲ, ಅದಕ್ಕೆ ನನಗೆ ಇಂದಿಗೂ ಸಂತೋಷವಿದೆ.