ಎಣ್ಣೆ ಇಳಿಯದ ವಾರ

ನನ್ನ ಗಂಡನ ಅಕ್ಕನನ್ನು ನಾನು ಅತ್ತಿಗೆ ಅಂತೀನಿ, ಬೀದಿಯವರೆಲ್ಲ ಕಾರಕ್ಕ ಅಂತಾರೆ. ಗಂಡ ತೀರಿಕೊಂಡ ಮೇಲೆ ಅವರ ಹಳೇ ಕಾರನ್ನೇ ಬಾಡಿಗೆಗೆ ಓಡಿಸಿ ಬದುಕು ಕಟ್ಟಿಕೊಂಡವರು. ಯಾರ ಮುಂದೂ ತಲೆ ತಗ್ಗಿಸಿದ ಹೆಂಗಸಲ್ಲ.

ಬೆಳಗ್ಗೆ ಎದ್ದರೆ ಅವರಿಗೆ ಮೊದಲು ಕಾರು, ಆಮೇಲೆ ಕಾಫಿ. ಇಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಎಳೆದು, ನನ್ನ ಹೊಲಿಗೆಯ ಚೂರು ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆಯೋರು. ಕಡ್ಡಿಯ ಎರಡು ಗೆರೆಗಳ ನಡುವೆ ಎಣ್ಣೆ ಎಲ್ಲಿಗೆ ನಿಂತಿದೆ ನೋಡಿ, ಬೆರಳಲ್ಲಿ ತಿಕ್ಕಿ, ಮೂಸೋರು. ಮಗುವಿಗೆ ಜ್ವರ ಇದೆಯಾ ನೋಡೋ ಹಾಗೆ ನೋಡ್ತೀರಲ್ಲ ಅಂತ ನಾನು ರೇಗಿಸ್ತಿದ್ದೆ. ನಿನ್ನ ಹೊಲಿಗೆ ಮೆಷಿನ್ನಿಗೂ ಒಂದು ತೊಟ್ಟು ಬಿಡು, ಬೀದಿಯೆಲ್ಲ ನಿದ್ದೆಗೆಟ್ಟಿದೆ ಅನ್ನೋರು.

ಆ ಕಾರು ಎಣ್ಣೆ ಕುಡಿಯೋದರಲ್ಲಿ ಪ್ರಚಂಡ. ಆಗಾಗ ಸುರಿಯದಿದ್ದರೆ ಎಣ್ಣೆ ಕೆಳಗಿನ ಗೆರೆಗೂ ಸಿಗ್ತಿರಲಿಲ್ಲ. ಅಂಥದ್ದು ಆ ವಾರ ಇಳಿಯಲೇ ಇಲ್ಲ. ಕಾರಿಗೆ ಬುದ್ಧಿ ಬಂತು ಅಂತ ನಾನೂ ನನ್ನ ಗಂಡನೂ ನಕ್ಕಿದ್ದೇ ನಕ್ಕಿದ್ದು. ಅತ್ತಿಗೆ ಮಾತ್ರ ನಗಲಿಲ್ಲ. ಕುಡಿಯೋ ಗಾಡಿ ಇದ್ದಕ್ಕಿದ್ದ ಹಾಗೆ ಕುಡಿಯೋದು ಬಿಟ್ಟರೆ ನನಗೆ ಭಯ ಆಗುತ್ತೆ ಅಂದರು.

ನನ್ನ ಗಂಡನಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ನಡೀತಿತ್ತು. ಆಸ್ಪತ್ರೆಯ ಮೆಷಿನ್ ಕೆಟ್ಟು ಹಿಂದಿನ ಸರದಿ ತಪ್ಪಿಹೋಗಿತ್ತು. ಕಾಲು ಊದಿ, ಮಲಗಿದರೆ ಉಸಿರು ಸಿಗದೆ, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ದರು. ಆಸ್ಪತ್ರೆಗೆ ಹೊರಡೋಣ ಅಂತ ಬಂದರೆ ಅತ್ತಿಗೆ ಕಡ್ಡಿ ಹಿಡಿದು ನಿಂತಿದ್ದಾರೆ. ಯಾರೂ ಸುರಿಯದೆ ಎಣ್ಣೆ ಮೇಲಿನ ಗೆರೆ ದಾಟಿತ್ತು. ಬಣ್ಣ ನೋಡಿದರೆ ಹಾಲು ಹಾಕಿದ ಕಾಫಿ. ಇಂಜಿನ್ ತಂಪು ಮಾಡೋ ನೀರು ಎಣ್ಣೆಗೆ ಇಳಿದಿದೆ, ಇದು ಹೊರಡಲ್ಲ ಅಂತ ಬಾನೆಟ್ ಮುಚ್ಚಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಆಂಬುಲೆನ್ಸ್‌ಗೆ ಫೋನ್ ಮಾಡಿದರೆ ಬೇರೆ ಕಡೆ ಹೋಗಿದೆ, ಕಾಯಿರಿ ಅಂದರು. ಸ್ಟಾರ್ಟ್ ಆಗುತ್ತಲ್ಲ, ಹೇಗೋ ಹೋಗಿ ಸೇರೋಣ ಅಂತ ಅತ್ತಿಗೆ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ.

"ನಡುದಾರೀಲಿ ಇಂಜಿನ್ ಹಿಡಕೊಂಡ್ರೆ ಕೂಗಿದ್ರೂ ಕೇಳೋಕೆ ಅಲ್ಲಿ ಒಂದು ಮನೆ ಇಲ್ಲ. ನನ್ನ ತಮ್ಮನ್ನ ಅಲ್ಲಿ ಕೂರಿಸಲ್ಲ," ಅಂದವರೇ ಎದುರುಮನೆ ಮೀಸೆ ಡ್ರೈವರ್ ಬಾಗಿಲಿಗೆ ನಡೆದರು.

ಅವನಿಗೂ ಅತ್ತಿಗೆಗೂ ಎಣ್ಣೆ ಸೀಗೆಕಾಯಿ. ಆ ಹೆಂಗಸಿನ ಗಾಡಿ ನಂಬಿದರೆ ದಾರೀಲೇ ಗತಿ ಅಂತ ಟ್ಯಾಕ್ಸಿ ಸ್ಟ್ಯಾಂಡ್ ತುಂಬ ಸಾರಿ, ಅವರ ಗಿರಾಕಿಗಳನ್ನು ಕಿತ್ತುಕೊಂಡವನು. ಅವನು ಎದುರಾದರೆ ಅತ್ತಿಗೆ ಮುಖ ತಿರುಗಿಸೋರು. ಅಂಥವನ ಬಾಗಿಲು ಬಡಿದು, ನನ್ನ ಗಾಡಿ ಕೆಟ್ಟಿದೆ, ನಿನ್ನದು ಬೇಕು ಅಂತ ಕೈಮುಗಿದದ್ದನ್ನು ನಾನು ಕಣ್ಣಾರೆ ನೋಡಿದೆ.

ಮೀಸೆ ಒಂದು ಕೊಂಕು ಮಾತೂ ಆಡಲಿಲ್ಲ. ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಕಾರು ತಂದ. ಅತ್ತಿಗೆ ಕೈಯಲ್ಲೇ ಉಳಿದಿದ್ದ ಕಡ್ಡಿ ನೋಡಿ, ಇದನ್ನು ಓಡಿಸಿದ್ದರೆ ಊರಾಚೆಯ ದಿಣ್ಣೆ ದಾಟುತ್ತಿರಲಿಲ್ಲ ಅಂದ. ಪುಣ್ಯಾತ್ಮ, ನಮ್ಮನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದ.

ಇನ್ನಷ್ಟು ತಡವಾಗಿದ್ದರೆ ಕಷ್ಟ ಇತ್ತು ಅಂತ ನರ್ಸ್ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಡಯಾಲಿಸಿಸ್ ಮುಗಿದು ನನ್ನ ಗಂಡನ ಉಸಿರು ಹದಕ್ಕೆ ಬಂತು. ನಿಮ್ಮ ಋಣ ಈ ಜನ್ಮದಲ್ಲಿ ತೀರಲ್ಲ ಅಂತ ಅತ್ತಿಗೆ ಕೈ ಹಿಡಿದು ಅತ್ತುಬಿಟ್ಟೆ. ಮೊದಲು ಮೂಗು ಒರೆಸಿಕೋ ಅಂದರು.

ಮಂಚದ ಮೇಲಿಂದ ನನ್ನ ಗಂಡ ಮೆಲ್ಲಗೆ ಕೇಳಿದರು: "ಮೀಸೆ ಹತ್ರ ಹೋಗಿ ಕೇಳಿದ್ಯಾ ಅಕ್ಕ?"

"ಕೇಳದೆ? ಜಗಳ ಆಡೋಕೆ ಜನ ಬೇಕಾದಷ್ಟು ಸಿಗ್ತಾರೆ ಕಣೋ. ತಮ್ಮ ಅಂತ ನನಗಿರೋದು ನೀನೊಬ್ಬನೇ."